ಅಲುಗದ ಅಯಸ್ಕಾಂತ, ಅಡಗಿದ ಸಂವೇಗ

ಮೇಜಿನ ಮೇಲೊಂದು ಅಯಸ್ಕಾಂತ. ಅದರ ಪಕ್ಕದಲ್ಲಿ ವಿದ್ಯುದಾವೇಶ ತುಂಬಿದ ಒಂದು ಗುಂಡು. ಎರಡೂ ಅಲುಗುತ್ತಿಲ್ಲ. ಬ್ಯಾಟರಿ ಇಲ್ಲ, ತಂತಿ ಇಲ್ಲ, ಕಿಡಿ ಇಲ್ಲ. ಈ ಜೋಡಿಯ ಸಂವೇಗ ಎಷ್ಟು ಎಂದು ಹೈಸ್ಕೂಲಿನ ಹುಡುಗಿಯನ್ನು ಕೇಳಿದರೆ ಉತ್ತರ ತಟ್ಟನೆ ಬರುತ್ತದೆ: ದ್ರವ್ಯರಾಶಿಯನ್ನು ವೇಗದಿಂದ ಗುಣಿಸಬೇಕು, ವೇಗ ಸೊನ್ನೆ, ಹಾಗಾಗಿ ಸಂವೇಗವೂ ಸೊನ್ನೆ. 1904ರ ಸುಮಾರಿಗೆ ಕೇಂಬ್ರಿಡ್ಜಿನಲ್ಲಿ ಜೆ.ಜೆ. ಥಾಮ್ಸನ್ ಇದೇ ಲೆಕ್ಕ ಮಾಡಿದರು. ಅವರಿಗೆ ಸೊನ್ನೆ ಬರಲಿಲ್ಲ.

ಥಾಮ್ಸನ್ ಆಗ ಕ್ಯಾವೆಂಡಿಷ್ ಪ್ರಯೋಗಾಲಯದ ಮುಖ್ಯಸ್ಥರು, ಎಲೆಕ್ಟ್ರಾನನ್ನು ಪತ್ತೆ ಹಚ್ಚಿ ಏಳು ವರ್ಷವಾಗಿತ್ತು. ಅವರು ಬಳಸಿದ ಸೂತ್ರದ ಬೇರು ಇನ್ನೂ 20 ವರ್ಷ ಹಿಂದಿನದು. 1884ರಲ್ಲಿ ಬರ್ಮಿಂಗ್‌ಹ್ಯಾಮಿನ ಜಾನ್ ಹೆನ್ರಿ ಪಾಯಿಂಟಿಂಗ್, ವಿದ್ಯುತ್ ಕ್ಷೇತ್ರ ಮತ್ತು ಕಾಂತಕ್ಷೇತ್ರ ಎರಡೂ ಇರುವ ಜಾಗದಲ್ಲಿ ಎರಡಕ್ಕೂ ಅಡ್ಡವಾದ ದಿಕ್ಕಿನಲ್ಲಿ ಶಕ್ತಿ ಹರಿಯುತ್ತದೆ ಎಂದು ತೋರಿಸಿದ್ದರು. ಸೂರ್ಯನ ಬೆಳಕು ನಮ್ಮ ಅಂಗಳಕ್ಕೆ ಶಕ್ತಿ ತರುವುದು ಹೀಗೆಯೇ. ಆದರೆ ಈ ಸೂತ್ರ ಪಕ್ಷಪಾತ ಅರಿಯದು. ಎರಡು ಕ್ಷೇತ್ರ ಎಲ್ಲಿದ್ದರೂ ಸರಿ, ಅವು ಅಲೆಯಾಗಿ ಓಡುತ್ತಿರಲಿ ಅಥವಾ ಒಂದು ಅಯಸ್ಕಾಂತ ಮತ್ತು ಒಂದು ಗುಂಡಿನ ಸುತ್ತ ತೆಪ್ಪಗೆ ಕುಳಿತಿರಲಿ, ಶಕ್ತಿ ಹರಿಯುತ್ತಿದೆ ಎಂದೇ ಹೇಳುತ್ತದೆ. ಮೇಜಿನ ಮೇಲಿನ ಆ ಜೋಡಿಯ ಸುತ್ತ ಶಕ್ತಿ ಹೊರಗೆಲ್ಲೂ ಸೋರದೆ ಸುಮ್ಮನೆ ಸುತ್ತು ಹಾಕುತ್ತಿರುತ್ತದೆ.

ಶಕ್ತಿ ಹರಿದರೆ ಹರಿಯಲಿ, ಸಂವೇಗ ಎಲ್ಲಿಂದ ಬಂತು? ಅದನ್ನು ಅನಿವಾರ್ಯವಾಗಿಸಿದ್ದು ನ್ಯೂಟನ್ನನ ಮೂರನೇ ನಿಯಮ. ಮ್ಯಾಕ್ಸ್‌ವೆಲ್ ಮತ್ತು ಲೊರೆಂಟ್ಸ್ ಕಟ್ಟಿದ ವಿದ್ಯುತ್ಕಾಂತ ಸಿದ್ಧಾಂತದಲ್ಲಿ ಎರಡು ಆವೇಶಗಳು ಒಂದನ್ನೊಂದು ತಳ್ಳುವ ಬಲ ಸದಾ ಸಮನಾಗಿಯೂ ವಿರುದ್ಧವಾಗಿಯೂ ಇರುವುದಿಲ್ಲ. 1900ರ ಡಿಸೆಂಬರಿನಲ್ಲಿ ಹಾಲೆಂಡಿನ ಲೈಡನ್ನಿನಲ್ಲಿ ಲೊರೆಂಟ್ಸ್ ಡಾಕ್ಟರೇಟ್ ಪಡೆದು 25 ವರ್ಷವಾದ ಸಂಭ್ರಮ. ಅಭಿನಂದನಾ ಗ್ರಂಥಕ್ಕೆ ಪ್ಯಾರಿಸ್ಸಿನ ಆನ್ರಿ ಪ್ವಾಂಕರೆ ಕೊಟ್ಟ ಲೇಖನ ಒಂದು ತಕರಾರು: ನಿಮ್ಮ ಸಿದ್ಧಾಂತದಲ್ಲಿ ಕ್ರಿಯೆಗೆ ತಕ್ಕ ಪ್ರತಿಕ್ರಿಯೆ ಕಾಣುತ್ತಿಲ್ಲವಲ್ಲ! ತಕರಾರಿನ ಜೊತೆಗೇ ದಾರಿಯನ್ನೂ ಅವರೇ ತೋರಿಸಿದರು. ಕ್ಷೇತ್ರದ ಶಕ್ತಿಯನ್ನು ದ್ರವ್ಯರಾಶಿಯುಳ್ಳ ಒಂದು ಕಾಲ್ಪನಿಕ ದ್ರವದಂತೆ ಎಣಿಸಿ ಅದರ ಹರಿವಿಗೂ ಸಂವೇಗ ಕೊಟ್ಟರೆ ಲೆಕ್ಕ ಸರಿಹೋಗುತ್ತದೆ. ಐನ್‌ಸ್ಟೈನರ ಹೆಸರು ಯಾರಿಗೂ ಗೊತ್ತಿಲ್ಲದ ಕಾಲದಲ್ಲಿ ಬರೆದ ಈ ಸಾಲುಗಳನ್ನು ಇಂದು ಓದುವಾಗ, ಸಾಪೇಕ್ಷತೆಯ ಬಾಗಿಲ ಹೊಸ್ತಿಲವರೆಗೆ ಬಂದು ಒಳಗೆ ಕಾಲಿಡದೆ ನಿಂತ ಮನುಷ್ಯ ಕಣ್ಣಿಗೆ ಕಟ್ಟುತ್ತಾನೆ.

ಥಾಮ್ಸನ್ನರ ಜೋಡಿಗೆ ಮರಳೋಣ. ಕ್ಷೇತ್ರದಲ್ಲಿ ಸಂವೇಗವಿದೆ. ಅಯಸ್ಕಾಂತ ಅಲುಗುತ್ತಿಲ್ಲ, ಗುಂಡು ಅಲುಗುತ್ತಿಲ್ಲ. ಹಾಗಾದರೆ ಒಟ್ಟು ಜೋಡಿಗೆ ಒಂದು ದಿಕ್ಕಿನಲ್ಲಿ ಸಂವೇಗವಿದೆ, ಆದರೂ ಅದು ಆ ದಿಕ್ಕಿಗೆ ಹೋಗುತ್ತಿಲ್ಲ. ಕಾಂತತ್ವ ಹೋಗಿಬಿಟ್ಟರೆ ಈ ಸಂವೇಗ ವಸ್ತುಗಳಿಗೆ ವರ್ಗವಾಗಬೇಕು ಎಂಬಲ್ಲಿಗೆ ಅವರ ತರ್ಕ ತಲುಪಿತ್ತು. ಅಷ್ಟಾದರೆ ನಿಂತಿದ್ದ ಜೋಡಿ ಯಾರೂ ತಳ್ಳದೆ ತಾನಾಗಿ ಹೊರಟುಬಿಡಬೇಕಾಗುತ್ತದೆ! ಥಾಮ್ಸನ್ ಅಲ್ಲಿಗೇ ಬಿಟ್ಟರು. ಅವರನ್ನು ತಪ್ಪು ಹೇಳುವಂತಿಲ್ಲ, ಮುಂದಿನ ಹೆಜ್ಜೆಗೆ ಬೇಕಾದ ಉಪಕರಣ 1904ರಲ್ಲಿ ಇರಲಿಲ್ಲ. ಅದು ಇನ್ನೊಂದು ವರ್ಷಕ್ಕೆ ಬರ್ನ್ ನಗರದ ಪೇಟೆಂಟ್ ಕಚೇರಿಯಿಂದ, ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತವಾಗಿ ಬಂತು.

ಅದೇ ಹೊತ್ತಿಗೆ ಲಂಡನ್ನಿನಲ್ಲಿ ಇನ್ನೊಂದು ಗಂಟು ಬಿಗಿಯುತ್ತಿತ್ತು. ಯೂನಿವರ್ಸಿಟಿ ಕಾಲೇಜಿನ ಫ್ರೆಡರಿಕ್ ಟ್ರೌಟನ್ ಮತ್ತು ಎಚ್.ಆರ್. ನೋಬಲ್ 1903ರಲ್ಲಿ ಆವೇಶ ತುಂಬಿದ ಒಂದು ಕೆಪಾಸಿಟರನ್ನು ಸಣ್ಣ ತಂತಿಯಲ್ಲಿ ತೂಗುಬಿಟ್ಟು ಕಾದರು. ಟ್ರೌಟನ್ ಹಿಂದೆ ಡಬ್ಲಿನ್ನಿನಲ್ಲಿ ಜಾರ್ಜ್ ಫಿಟ್ಜ್‌ಜೆರಾಲ್ಡ್ ಅವರ ಸಹಾಯಕರಾಗಿದ್ದವರು. ಬೆಳಕನ್ನು ಹೊರುವ ಮಾಧ್ಯಮವೆಂದು ಆಗ ನಂಬಿದ್ದ ಈಥರಿನ ಗುಟ್ಟನ್ನು ಚಲಿಸುವ ಕೆಪಾಸಿಟರಿನ ಮೂಲಕ ಹಿಡಿಯುವ ಹುಚ್ಚು ಗುರುವಿನಿಂದ ಬಂದದ್ದು. ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಓಡುತ್ತಿದೆ. ಅದರ ಜೊತೆ ಓಡುವ ಕೆಪಾಸಿಟರಿನ ಎರಡು ಫಲಕಗಳ ಆವೇಶಗಳು ಎರಡು ಪ್ರವಾಹಗಳಿದ್ದಂತೆ, ಅವುಗಳ ನಡುವೆ ಕಾಂತಬಲ ಹುಟ್ಟಬೇಕು, ಆ ಬಲ ಕೆಪಾಸಿಟರನ್ನು ತಿರುಚಬೇಕು. ಲೆಕ್ಕ ಖಚಿತವಾಗಿತ್ತು, ತಂತಿ ಸೂಕ್ಷ್ಮವಾಗಿತ್ತು. ಕೆಪಾಸಿಟರ್ ತಿರುಗಲಿಲ್ಲ.

ಸಾಪೇಕ್ಷತಾ ಸಿದ್ಧಾಂತ ಬಂದಮೇಲೆ ಅರ್ಧ ಉತ್ತರ ಸುಲಭವಾಯಿತು. ಭೂಮಿಯ ಮೇಲೆ ಕುಳಿತವನಿಗೆ ಕೆಪಾಸಿಟರ್ ನಿಶ್ಚಲ, ಅವನ ಪಾಲಿಗೆ ತಿರುಚುವ ಬಲವೇ ಇಲ್ಲ, ಆದ್ದರಿಂದ ತಿರುಗಲಿಲ್ಲ. ಆದರೆ ಸೂರ್ಯನ ಬಳಿ ನಿಂತು ನೋಡುವವನಿಗೆ ಏನು ಹೇಳುವುದು? ಅವನ ಲೆಕ್ಕದಲ್ಲಿ ತಿರುಚುವ ಬಲ ಇದ್ದೇ ಇದೆ. ಬಲವಿದ್ದೂ ತಿರುಗದಿರುವುದು ಹೇಗೆ?

ಇದೇ ಪ್ರಶ್ನೆಯನ್ನು 1909ರಲ್ಲಿ ಅಮೆರಿಕದ ಗಿಲ್ಬರ್ಟ್ ಲೂಯಿಸ್ ಮತ್ತು ರಿಚರ್ಡ್ ಟೋಲ್ಮನ್ ವಿದ್ಯುತ್ತಿನ ಗೋಜಿಲ್ಲದೆ ಕೇಳಿದರು. ಲಂಬಕೋನದಲ್ಲಿ ಬಾಗಿದ ಒಂದು ಲಿವರ್. ಎರಡು ತೋಳುಗಳೂ ಒಂದೇ ಉದ್ದ, ಎರಡು ತುದಿಗಳಲ್ಲೂ ಒಂದೇ ಎಳೆತ. ಲಿವರ್ ಸಮತೋಲದಲ್ಲಿದೆ. ಈಗ ಒಂದು ತೋಳಿನ ನೇರಕ್ಕೆ ವೇಗವಾಗಿ ಓಡುತ್ತಾ ಇದನ್ನು ನೋಡಿ. ಆ ತೋಳು ಕುಗ್ಗಿದಂತೆ ಕಾಣುತ್ತದೆ, ಅದರ ತುದಿಯ ಎಳೆತವೂ ಕಡಿಮೆಯಾಗುತ್ತದೆ. ಇನ್ನೊಂದು ತೋಳಿಗೆ ಏನೂ ಆಗಿಲ್ಲ. ಎರಡೂ ಬದಿಯ ತಿರುಚುಬಲ ಸಮನಾಗಿಲ್ಲ, ಆದರೂ ಲಿವರ್ ತಿರುಗುವುದಿಲ್ಲ. ಯಾರೋ ಓಡುತ್ತಾ ನೋಡಿದ ಮಾತ್ರಕ್ಕೆ ಅದು ತಿರುಗಲಾರದು.

ಉತ್ತರ ಸಿಕ್ಕಿದ್ದು ಜರ್ಮನಿಯಲ್ಲಿ, ಎರಡು ಕಂತಿನಲ್ಲಿ. 1908ರ ಸೆಪ್ಟೆಂಬರಿನಲ್ಲಿ ಕಲೋನಿನಲ್ಲಿ ನಡೆದ ವಿಜ್ಞಾನಿಗಳ ಸಮ್ಮೇಳನದಲ್ಲಿ ಮ್ಯಾಕ್ಸ್ ಪ್ಲಾಂಕ್ ಒಂದು ಮಾತು ಮುಂದಿಟ್ಟರು: ಶಕ್ತಿ ಯಾವ ರೂಪದಲ್ಲೇ ಹರಿಯಲಿ, ಆ ಹರಿವಿಗೆ ಸಂವೇಗವಿದೆ, ಹರಿವಿನ ಪ್ರಮಾಣವನ್ನು ಬೆಳಕಿನ ವೇಗದ ವರ್ಗದಿಂದ ಭಾಗಿಸಿದರೆ ಅದರ ಅಳತೆ ಸಿಗುತ್ತದೆ. ಅದೇ ಸಮ್ಮೇಳನದಲ್ಲಿ ಗಣಿತಜ್ಞ ಮಿಂಕೊವ್‌ಸ್ಕಿ ದೇಶ ಮತ್ತು ಕಾಲವನ್ನು ಒಂದಾಗಿಸಿದ ತಮ್ಮ ಪ್ರಸಿದ್ಧ ಭಾಷಣ ಮಾಡಿದ್ದರಿಂದ ಪ್ಲಾಂಕರ ಮಾತು ಅದರ ನೆರಳಿಗೆ ಸಿಕ್ಕಿತು. ನನ್ನ ಮಟ್ಟಿಗೆ ಅದು ಅನ್ಯಾಯ. ಬೆಳಕಿಗೆ ಮಾತ್ರ ಸೀಮಿತವಾಗಿದ್ದ ನಿಯಮವನ್ನು ಶಾಖ, ಒತ್ತಡ, ಬಿಗಿದ ಹಗ್ಗ, ತಿರುಗುವ ಗಿರಣಿಯ ಬೆಲ್ಟು, ಎಲ್ಲಕ್ಕೂ ಅವರು ವಿಸ್ತರಿಸಿದ್ದರು.

ಎರಡನೇ ಕಂತನ್ನು ಕಟ್ಟಿದವರು ಪ್ಲಾಂಕರ ಶಿಷ್ಯ ಮ್ಯಾಕ್ಸ್ ಫಾನ್ ಲಾವೆ, 1911ರಲ್ಲಿ. ಲಿವರಿನ ಚಲನೆಯ ದಿಕ್ಕಿನಲ್ಲೇ ಎಳೆಯುತ್ತಿರುವ ಬಲ ಸದಾ ಕೆಲಸ ಮಾಡುತ್ತಿದೆ, ಎಂದರೆ ಆ ತುದಿಯಲ್ಲಿ ಶಕ್ತಿ ಒಳಕ್ಕೆ ಹೋಗುತ್ತಿದೆ. ಅದು ತೋಳಿನುದ್ದಕ್ಕೂ ಹರಿದು ಕೀಲಿನ ಬಳಿ ಹೊರಬರುತ್ತದೆ. ತೋಳು ತಿರುಗದಿದ್ದರೂ ತೋಳಿನೊಳಗೆ ಶಕ್ತಿ ಇಳಿಯುತ್ತಿದೆ, ಹಾಗೆ ಇಳಿಯುವ ಶಕ್ತಿಗೆ ಸಂವೇಗವಿದೆ. ಲಿವರ್ ಮುಂದೆ ಸಾಗಿದಂತೆ ಆ ಸಂವೇಗದ ಕೋನೀಯ ಪ್ರಮಾಣ ಏರುತ್ತಾ ಹೋಗುತ್ತದೆ. ಹೆಚ್ಚುವರಿ ತಿರುಚುಬಲ ಖರ್ಚಾಗುವುದು ಅದಕ್ಕೇ, ತಿರುಗಿಸಲು ಏನೂ ಉಳಿಯುವುದಿಲ್ಲ. ಲಂಡನ್ನಿನ ಕೆಪಾಸಿಟರಿಗೂ ಇದೇ ಉತ್ತರ. ಎರಡು ಫಲಕಗಳನ್ನು ಒಂದರ ಮೇಲೊಂದು ಬೀಳದಂತೆ ಹಿಡಿದಿಟ್ಟ ಆಧಾರದೊಳಗಿನ ಒತ್ತಡ ಶಕ್ತಿಯನ್ನು ಸಾಗಿಸುತ್ತಿದೆ.

ಅಡಗಿದ ಸಂವೇಗದ ಕಥೆ ಇಲ್ಲಿಗೇ ಮುಗಿಯಬಹುದಿತ್ತು. ಲಾವೆಯವರ ಲಿವರನ್ನು ಥಾಮ್ಸನ್ನರ ಅಯಸ್ಕಾಂತದ ಪಕ್ಕ ಇಟ್ಟು ನೋಡುವವರು ಒಬ್ಬರು ಬೇಕಿತ್ತು, ಅಷ್ಟೆ. 56 ವರ್ಷ ಯಾರೂ ಇಡಲಿಲ್ಲ. ಕ್ವಾಂಟಂ ಸಿದ್ಧಾಂತ ಬಂದು ಪ್ರತಿಭಾವಂತರನ್ನೆಲ್ಲ ಸೆಳೆದುಕೊಂಡಿತು. ಅಯಸ್ಕಾಂತ ಎಂದರೆ ಸುತ್ತುವ ಪ್ರವಾಹ ಎಂಬ ಹಳೆಯ ಚಿತ್ರದ ಜಾಗಕ್ಕೆ ಎಲೆಕ್ಟ್ರಾನಿನ ಸ್ಪಿನ್ ಬಂತು. ನಿಂತ ಅಯಸ್ಕಾಂತ ಮತ್ತು ನಿಂತ ಆವೇಶದ ಬಗ್ಗೆ ತಲೆ ಕೆಡಿಸಿಕೊಳ್ಳುವುದು ಹಳೇ ಕಾಲದವರ ಕೆಲಸ ಅನ್ನಿಸಿತು.

ಪ್ರಶ್ನೆಯನ್ನು ಮತ್ತೆ ತರಗತಿಗೆ ತಂದವರು ಭೌತವಿಜ್ಞಾನಿ ಫೈನ್‌ಮನ್. 1961ರಿಂದ 1963ರವರೆಗೆ ಕ್ಯಾಲ್ಟೆಕ್‌ನಲ್ಲಿ ಎಳೆಯ ವಿದ್ಯಾರ್ಥಿಗಳಿಗೆ ಅವರು ಮಾಡಿದ ಉಪನ್ಯಾಸಗಳ ಎರಡನೇ ಸಂಪುಟ 1964ರಲ್ಲಿ ಬಂತು. ಅದರಲ್ಲೊಂದು ಒಗಟು: ಸಲೀಸಾಗಿ ತಿರುಗಬಲ್ಲ ಒಂದು ತಟ್ಟೆ, ಅಂಚಿನಲ್ಲಿ ಆವೇಶ ತುಂಬಿದ ಸಣ್ಣ ಗುಂಡುಗಳು, ನಡುವೆ ಪ್ರವಾಹ ಹರಿಯುವ ಸುರುಳಿ. ಪ್ರವಾಹ ನಿಂತರೆ ತಟ್ಟೆ ತಿರುಗುತ್ತದೆಯೇ? ತಿರುಗುತ್ತದೆ. ಆ ತಿರುಗಾಟ ಮೊದಲೇ ಕ್ಷೇತ್ರದಲ್ಲಿ ಇತ್ತು. ಕ್ಷೇತ್ರದ ಇಂಥ ಕೋನೀಯ ಸಂವೇಗವನ್ನು 1980ರಲ್ಲಿ ಟೊರೊಂಟೊ ವಿಶ್ವವಿದ್ಯಾಲಯದ ಗ್ರಹಾಂ ಮತ್ತು ಲಹೋಜ್ ಪ್ರಯೋಗದಲ್ಲಿ ಅಳೆದೂ ತೋರಿಸಿದರು. ನಿಂತ ಕ್ಷೇತ್ರದ ಸಂವೇಗ ಬರೀ ಕಾಗದದ ಹುಲಿಯಲ್ಲ ಎಂಬುದಕ್ಕೆ ಅದು ಪುರಾವೆ. ಆದರೆ ಫೈನ್‌ಮನ್ ಎತ್ತಿಕೊಂಡದ್ದು ತಿರುಗಾಟವನ್ನು. ನೇರಗೆರೆಯ ಸಂವೇಗದ ಮುಳ್ಳು ಹಾಗೇ ಉಳಿದಿತ್ತು. ನಿಂತ ವಸ್ತುವಿಗೆ ಕೋನೀಯ ಸಂವೇಗವಿದ್ದರೆ ಯಾವ ನಿಯಮವೂ ಮುರಿಯುವುದಿಲ್ಲ. ನೇರ ಸಂವೇಗವಿದ್ದರೆ ಮುರಿಯುತ್ತದೆ.

ಮುಳ್ಳನ್ನು ಕಿತ್ತವರು ಯಾರೂ ನಿರೀಕ್ಷಿಸದ ವ್ಯಕ್ತಿ. ವಿಲಿಯಂ ಶಾಕ್ಲಿ ಟ್ರಾನ್ಸಿಸ್ಟರಿಗಾಗಿ 1956ರ ನೊಬೆಲ್ ಹಂಚಿಕೊಂಡವರು. ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನಲ್ಲಿ ಅವರು ತೆರೆದ ಕಂಪನಿಯಿಂದ 1957ರಲ್ಲಿ ಎಂಟು ಎಂಜಿನಿಯರುಗಳು ಒಟ್ಟಿಗೆ ಹೊರನಡೆದು ಫೇರ್‌ಚೈಲ್ಡ್ ಕಟ್ಟಿದ್ದರು. ಸಿಲಿಕಾನ್ ವ್ಯಾಲಿಯ ವಂಶವೃಕ್ಷ ಬೆಳೆದದ್ದು ಆ ಜಗಳದಿಂದ. ಕಂಪನಿ ಕೈಬಿಟ್ಟ ಮೇಲೆ 1963ರಲ್ಲಿ ಶಾಕ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಪ್ರಾಧ್ಯಾಪಕರಾದರು. ಅಲ್ಲಿ ಅವರು ವಿದ್ಯಾರ್ಥಿಗಳಿಗೆ ಉಪದೇಶಿಸುತ್ತಿದ್ದ ಮಂತ್ರ ಒಂದೇ: ಕಗ್ಗಂಟು ಎದುರಾದರೆ ಅದರ ಅತಿ ಸರಳ ರೂಪವನ್ನು ಹಿಡಿದು ನೋಡಿ. 1967ರಲ್ಲಿ ಆರ್.ಪಿ. ಜೇಮ್ಸ್ ಜೊತೆ ಅವರು ಫಿಸಿಕಲ್ ರಿವ್ಯೂ ಲೆಟರ್ಸ್ ಪತ್ರಿಕೆಯಲ್ಲಿ ಬರೆದ ಲೇಖನದ ಶೀರ್ಷಿಕೆಯಲ್ಲೇ ಆ ಮಂತ್ರವಿತ್ತು. ‘ಅಡಗಿದ ಸಂವೇಗ’ ಎಂಬ ಹೆಸರೂ ಅದೇ ಶೀರ್ಷಿಕೆಯಿಂದ ಲೋಕಕ್ಕೆ ಬಂತು.

ಅವರ ಅತಿ ಸರಳ ಅಯಸ್ಕಾಂತ ಹೀಗಿತ್ತು. ಒಂದೇ ಅಚ್ಚಿನ ಮೇಲೆ ಎರಡು ತಟ್ಟೆಗಳು, ಒಂದಕ್ಕೆ ಧನ ಆವೇಶ, ಇನ್ನೊಂದಕ್ಕೆ ಋಣ ಆವೇಶ, ಎರಡೂ ವಿರುದ್ಧ ದಿಕ್ಕಿಗೆ ತಿರುಗುತ್ತಿವೆ. ಒಟ್ಟು ಆವೇಶ ಸೊನ್ನೆ, ಒಟ್ಟು ತಿರುಗಾಟ ಸೊನ್ನೆ, ಕಾಂತತ್ವ ಮಾತ್ರ ಎರಡರದೂ ಕೂಡುತ್ತದೆ. ಸ್ವಲ್ಪ ದೂರದಲ್ಲಿ ಒಂದು ಆವೇಶ. ಈಗ ತಟ್ಟೆಗಳು ಒಂದಕ್ಕೊಂದು ಉಜ್ಜಿ ನಿಧಾನವಾಗಿ ನಿಲ್ಲಲಿ. ಕಾಂತತ್ವ ಇಳಿಯುತ್ತದೆ, ಇಳಿಯುವ ಕಾಂತಕ್ಷೇತ್ರ, ಫ್ಯಾರಡೆ ಹೇಳಿದಂತೆ, ವಿದ್ಯುತ್ ಕ್ಷೇತ್ರವನ್ನು ಹುಟ್ಟಿಸುತ್ತದೆ, ಅದು ದೂರದ ಆವೇಶವನ್ನು ತಳ್ಳುತ್ತದೆ. ಆವೇಶ ಒಂದು ಕಡೆಗೆ ಹೊರಟಿತು. ತಟ್ಟೆಗಳ ಮೇಲೆ ಎದುರು ದಿಕ್ಕಿನ ಒದೆತ ಎಲ್ಲಿ? ಪಠ್ಯಪುಸ್ತಕದ ಯಾವ ಸೂತ್ರ ಹಾಕಿದರೂ ಅಷ್ಟು ಬಲ ಸಿಗುವುದಿಲ್ಲ. ಹಾಗಿದ್ದರೆ ಈ ಎಲ್ಲವನ್ನೂ ಒಂದು ಪೆಟ್ಟಿಗೆಯಲ್ಲಿಟ್ಟು ಮುಚ್ಚಿದರೆ ಪೆಟ್ಟಿಗೆ ತನ್ನಷ್ಟಕ್ಕೆ ನಡೆದುಬಿಡುತ್ತದೆ.

ನಡೆಯಕೂಡದು ಎಂಬುದರಲ್ಲಿ ಶಾಕ್ಲಿಗೆ ಸಂಶಯವಿರಲಿಲ್ಲ. 1906ರಲ್ಲೇ ಐನ್‌ಸ್ಟೈನ್ ಇಂಥದೇ ಮುಚ್ಚಿದ ಪೆಟ್ಟಿಗೆಯ ವಾದ ಹೂಡಿ, ಹೊರಗಿನಿಂದ ತಳ್ಳದೆ ಅದರ ಗುರುತ್ವಕೇಂದ್ರ ಕದಲಬಾರದೆಂದರೆ ಶಕ್ತಿಗೂ ದ್ರವ್ಯರಾಶಿ ಇರಲೇಬೇಕು ಎಂದು ತೋರಿಸಿದ್ದರು. ಆದ್ದರಿಂದ ಶಾಕ್ಲಿ ಮತ್ತು ಜೇಮ್ಸ್ ತಿರುಗುಮುರುಗಾಗಿ ಯೋಚಿಸಿದರು. ಕ್ಷೇತ್ರದಲ್ಲಿ ಇಷ್ಟು ಸಂವೇಗವಿದೆ, ಒಟ್ಟು ಸೊನ್ನೆಯಾಗಬೇಕು, ಹಾಗಾದರೆ ಅಷ್ಟೇ ಪ್ರಮಾಣದ ಸಂವೇಗ ವಿರುದ್ಧ ದಿಕ್ಕಿನಲ್ಲಿ, ಅಲುಗದ ಅಯಸ್ಕಾಂತದ ಒಳಗೇ ಕುಳಿತಿರಬೇಕು. ತಟ್ಟೆಗಳು ನಿಂತಾಗ ಅದು ಹೊರಬಂದು ಅಯಸ್ಕಾಂತವನ್ನು ಒದೆಯುತ್ತದೆ. ಥಾಮ್ಸನ್ನರಿಗೆ ಕಾಣದೆ ಹೋದ ಅರ್ಧ ಪಾಲು ಇದು. ಅದೇ ವರ್ಷ ಫ್ರಾನ್ಸಿನ ಒಲಿವಿಯೆ ಕೋಸ್ತಾ ದ ಬೋರ್‌ಗಾರ್ ಕೂಡ ಸ್ವತಂತ್ರವಾಗಿ ಇದೇ ಜಾಗಕ್ಕೆ ಬಂದು, ಇದು ವಿದ್ಯುತ್ಕಾಂತಶಾಸ್ತ್ರದ ಹೊಸ ನಿಯಮ ಎಂದು ಸಾರಿದರು. ಹೊಸತೇನೂ ಇರಲಿಲ್ಲ, ಪ್ಲಾಂಕ್ ಮತ್ತು ಲಾವೆ ಬರೆದದ್ದು ಯಾರೂ ಓದದೆ ಬಿದ್ದಿತ್ತು.

ಇದೇ ವರ್ಷಗಳಲ್ಲಿ ಶಾಕ್ಲಿ ಜನಾಂಗಗಳ ಬುದ್ಧಿಮತ್ತೆಯನ್ನು ಹುಟ್ಟಿಗೆ ಕಟ್ಟಿಹಾಕುವ ಹೇಯ ವಾದವನ್ನು ಊರೂರಿಗೆ ಹೊತ್ತು ತಿರುಗಲು ಶುರುಮಾಡಿದ್ದರು. ತಟ್ಟೆ ಮತ್ತು ಆವೇಶದ ಮುಂದೆ ಅದ್ಭುತವಾಗಿ ನಡೆದ ‘ಅತಿ ಸರಳ ರೂಪ’ದ ಗೀಳು ಮನುಷ್ಯರ ಮುಂದೆ ಎಷ್ಟು ಅಪಾಯಕಾರಿ ಎಂಬುದಕ್ಕೆ ಅವರಿಗಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ.

ಸಂವೇಗ ಅಡಗಿದೆ ಎಂದು ಶಾಕ್ಲಿ ಹೇಳಿದರು. ಅದು ಎಲ್ಲಿ, ಯಾವುದರಲ್ಲಿ ಅಡಗಿದೆ? ಎಂಐಟಿಯ ಪಾಲ್ ಪೆನ್‌ಫೀಲ್ಡ್ ಮತ್ತು ಹರ್ಮನ್ ಹೌಸ್ ಆ ಹೊತ್ತಿಗೆ ಬರೆದ ಪುಸ್ತಕ ಮತ್ತು ಲೇಖನಗಳಲ್ಲಿ ಅದರ ಒಳಗುಟ್ಟು ಇತ್ತು. ಅವರ ವಿವರಣೆ ಈಗ ಪಠ್ಯಪುಸ್ತಕ ಸೇರಿದೆ. ನಿಧಾನಕ್ಕೆ ನೋಡುವಷ್ಟು ಸೊಗಸಾಗಿದೆ.

ಆಯತಾಕಾರದ ಒಂದು ಕೊಳವೆ, ನೆಟ್ಟಗೆ ನಿಂತಿದೆ. ಒಳಗೆ ಧನ ಆವೇಶದ ಕಣಗಳು ಸುತ್ತು ಹೊಡೆಯುತ್ತಿವೆ: ಎಡಗಡೆ ಮೇಲಕ್ಕೆ, ಮೇಲ್ಗಡೆ ಬಲಕ್ಕೆ, ಬಲಗಡೆ ಕೆಳಕ್ಕೆ, ತಳದಲ್ಲಿ ಎಡಕ್ಕೆ. ಇದೇ ನಮ್ಮ ಅಯಸ್ಕಾಂತ. ಮೇಲ್ಮುಖವಾದ ಒಂದು ವಿದ್ಯುತ್ ಕ್ಷೇತ್ರದಲ್ಲಿ ಇದನ್ನಿಡಿ. ಎಡಗಡೆ ಏರುವ ಕಣಗಳಿಗೆ ಕ್ಷೇತ್ರ ಕೈಜೋಡಿಸುತ್ತದೆ, ಅವು ವೇಗ ಪಡೆಯುತ್ತವೆ. ಬಲಗಡೆ ಇಳಿಯುವಾಗ ಅದೇ ಕ್ಷೇತ್ರ ತಡೆಯುತ್ತದೆ, ವೇಗ ಕಳೆದುಕೊಳ್ಳುತ್ತವೆ. ಹೀಗಾಗಿ ಮೇಲಿನ ಕೊಳವೆಯಲ್ಲಿ ಕಣಗಳು ಜೋರಾಗಿ ಓಡುತ್ತವೆ, ತಳದಲ್ಲಿ ನಿಧಾನವಾಗಿ. ಆದರೆ ಪ್ರವಾಹ ಎಲ್ಲೆಡೆ ಒಂದೇ ಇರಬೇಕಾದ್ದರಿಂದ ಮೇಲೆ ಓಡುವವು ವಿರಳ, ಕೆಳಗೆ ತೆವಳುವವು ದಟ್ಟ. ನ್ಯೂಟನ್ನನ ಲೆಕ್ಕದಲ್ಲಿ ಎರಡೂ ಸರಿಸಮ: ಮೇಲಿನ ಕೆಲವೇ ಕಣಗಳ ದೊಡ್ಡ ವೇಗ, ಕೆಳಗಿನ ಹಲವು ಕಣಗಳ ಸಣ್ಣ ವೇಗ, ಗುಣಿಸಿದರೆ ಒಂದೇ ಮೊತ್ತ, ದಿಕ್ಕು ವಿರುದ್ಧ. ಒಟ್ಟು ಸೊನ್ನೆ.

ಐನ್‌ಸ್ಟೈನರ ಲೆಕ್ಕದಲ್ಲಿ ಸೊನ್ನೆಯಲ್ಲ. ಮೇಲೇರಿದ ಕಣ ಕ್ಷೇತ್ರದಿಂದ ಶಕ್ತಿ ಪಡೆದು ಬಂದಿದೆ, ಶಕ್ತಿಗೆ ಭಾರವಿದೆ. ಬಾವಿಯ ಮೇಲೆ ಗಡಿಗೆಗಳ ಮಾಲೆ ಕಟ್ಟಿದ ರಾಟೆಯನ್ನು ನೆನೆಸಿಕೊಳ್ಳಿ. ಏರುವ ಗಡಿಗೆ ಎಷ್ಟೋ ಇಳಿಯುವ ಗಡಿಗೆಯೂ ಅಷ್ಟೇ. ಆದರೆ ಏರುವವು ತುಂಬಿವೆ, ಇಳಿಯುವವು ಖಾಲಿ. ಗಡಿಗೆಗಳನ್ನು ಎಣಿಸಿದವನಿಗೆ ಏನೂ ಸಾಗುತ್ತಿಲ್ಲ, ನೀರನ್ನು ಅಳೆದವನಿಗೆ ಸಾಗುತ್ತಿದೆ. ಕೊಳವೆಯಲ್ಲೂ ಹಾಗೆ. ಬಲಕ್ಕೆ ಹೋಗುವ ಕಣಗಳು ಶಕ್ತಿ ತುಂಬಿಕೊಂಡಿವೆ, ಎಡಕ್ಕೆ ಬರುವವು ಆ ಶಕ್ತಿಯನ್ನು ಕ್ಷೇತ್ರಕ್ಕೆ ಮರಳಿಸಿ ಬಂದಿವೆ. ಕೊಳವೆ ಅಲುಗುತ್ತಿಲ್ಲ, ಅದರೊಳಗೆ ಶಕ್ತಿ ಎಡದಿಂದ ಬಲಕ್ಕೆ ಸದಾ ಸಾಗುತ್ತಿದೆ. ಆ ಶಕ್ತಿ ಬಲಗಡೆ ಕ್ಷೇತ್ರಕ್ಕೆ ಸೇರಿ, ಕ್ಷೇತ್ರದ ಮೂಲಕ ಮತ್ತೆ ಎಡಕ್ಕೆ ಬರುತ್ತದೆ. ಪಾಯಿಂಟಿಂಗ್ ಕಂಡದ್ದು ಈ ಮರುಪಯಣವನ್ನು. ಕ್ಷೇತ್ರದ ಸಂವೇಗ ಮತ್ತು ಅಡಗಿದ ಸಂವೇಗ ಒಂದೇ ಸುತ್ತಿನ ಎರಡು ಅರ್ಧಗಳು.

ಲೆಕ್ಕ ಪೂರ್ತಿ ಮಾಡಿದರೆ ಅಡಗಿದ ಸಂವೇಗದ ಮೊತ್ತದಲ್ಲಿ ಕಣದ ದ್ರವ್ಯರಾಶಿಯೂ ಇರುವುದಿಲ್ಲ, ಅದರ ವೇಗವೂ ಇರುವುದಿಲ್ಲ. ಕಾಂತತ್ವದ ಬಲ, ವಿದ್ಯುತ್ ಕ್ಷೇತ್ರ, ಬೆಳಕಿನ ವೇಗದ ವರ್ಗ, ಇಷ್ಟೇ. ಆಮೆಗಿಂತ ನಿಧಾನವಾಗಿ ಹರಿಯುವ ಆವೇಶವಿದ್ದರೂ ಉತ್ತರ ಅದೇ. ಸಾಪೇಕ್ಷತೆ ಎಂದರೆ ಬೆಳಕಿನ ಸಮೀಪದ ವೇಗಕ್ಕೆ ಮಾತ್ರ ಸಂಬಂಧಿಸಿದ್ದು ಎಂದು ನಂಬಿದವರಿಗೆ ಇದು ಒಳ್ಳೆಯ ಪೆಟ್ಟು.

ಮೊತ್ತ ಎಷ್ಟು ಚಿಕ್ಕದು ಎಂದೂ ಹೇಳಬೇಕು. 1 ಘನ ಸೆಂಟಿಮೀಟರಿನ ಒಳ್ಳೆಯ ನಿಯೋಡಿಮಿಯಂ ಅಯಸ್ಕಾಂತ ಸುಮಾರು 7.5 ಗ್ರಾಂ ತೂಗುತ್ತದೆ. ಸೆಂಟಿಮೀಟರಿಗೆ 10,000 ವೋಲ್ಟಿನ ಕ್ಷೇತ್ರದಲ್ಲಿ ಅಷ್ಟೇ ಕಾಂತತ್ವದ ಒಂದು ಸುರುಳಿಯಿದ್ದರೆ, ಅದರೊಳಗಿನ ಅಡಗಿದ ಸಂವೇಗವೆಲ್ಲ ಒಮ್ಮೆಲೇ ಹೊರಬಂದು ಅಷ್ಟು ತೂಕವನ್ನು ಓಡಿಸಿದರೂ 1 ಮೀಟರ್ ಸಾಗಲು ಸುಮಾರು 20 ವರ್ಷ ಬೇಕು. ಇಷ್ಟು ಸಣ್ಣ ಮೊತ್ತಕ್ಕಾಗಿ ಇಷ್ಟು ಜಗಳವೇ ಎಂದರೆ, ಲೆಕ್ಕದಲ್ಲಿ ಒಂದು ಪೈಸೆ ತಾಳೆಯಾಗದಿದ್ದರೂ ಪುಸ್ತಕ ಮುಚ್ಚದ ಶಾನುಭೋಗರ ಜಾತಿ ಭೌತವಿಜ್ಞಾನಿಗಳದು.

ಸಂಶಯಕ್ಕೆ ಎಡೆಯಿಲ್ಲದಂತೆ ಬೀಗ ಹಾಕಿದವರು ಹಾರ್ವರ್ಡಿನ ಇಬ್ಬರು. ಜಾನ್ ವ್ಯಾನ್ ವ್ಲೆಕ್ ಕ್ವಾಂಟಂ ಕಾಂತಶಾಸ್ತ್ರಕ್ಕೆ ತಳಪಾಯ ಹಾಕಿದವರು, ಆಗ 70ರ ಹತ್ತಿರ. ಸಿಡ್ನಿ ಕೋಲ್ಮನ್ 30 ದಾಟಿದ ಕಣಸಿದ್ಧಾಂತಿ. 1968ರ ಅವರ ಲೇಖನ ಕೊಳವೆ, ತಟ್ಟೆಗಳ ಗೋಜಿಗೆ ಹೋಗದೆ ನೇರ ಪ್ರಮೇಯಕ್ಕೆ ಬಂತು: ಯಾವುದೇ ವ್ಯವಸ್ಥೆಯ ಶಕ್ತಿಯ ಕೇಂದ್ರ ನಿಶ್ಚಲವಾಗಿದ್ದರೆ ಅದರ ಒಟ್ಟು ಸಂವೇಗ ಸೊನ್ನೆಯಾಗಲೇಬೇಕು, ಸಾಪೇಕ್ಷತೆ ಬೇರೆ ದಾರಿ ಬಿಡುವುದಿಲ್ಲ. ಅದನ್ನು ಬಿಡಿಸಿ ತೋರಿಸಲು ಅವರು ಬಳಸಿದ ಸೂತ್ರ 1920ರದು, ಅದನ್ನು ಬರೆದವರು ಚಾರ್ಲ್ಸ್ ಗಾಲ್ಟನ್ ಡಾರ್ವಿನ್, ವಿಕಾಸವಾದದ ಡಾರ್ವಿನ್ನರ ಮೊಮ್ಮಗ. ಬೇಕಾದ ಸಾಮಾನೆಲ್ಲ 48 ವರ್ಷದಿಂದ ಕಪಾಟಿನಲ್ಲೇ ಇತ್ತು.

1990ರಲ್ಲಿ ಇಸ್ರೇಲಿನ ಲೆವ್ ವೈಡ್‌ಮನ್ ಕೊಳವೆಯ ಕಥೆಗೆ ಒಂದು ತಿರುವು ಕೊಟ್ಟರು. ಕಣಗಳ ಜಾಗದಲ್ಲಿ ಒತ್ತಿದರೆ ಕುಗ್ಗದ, ಆವೇಶ ತುಂಬಿದ ದ್ರವ ಹರಿಯಲಿ. ಅದರ ವೇಗ ಮೇಲೂ ಕೆಳಗೂ ಒಂದೇ, ಹಾಗಾಗಿ ವೇಗದ ಕಣ, ನಿಧಾನದ ಕಣ ಎಂಬ ವಾದ ನಡೆಯದು. ಆದರೆ ಕ್ಷೇತ್ರದ ತಳ್ಳಿಕೆಯಿಂದ ಮೇಲಿನ ಕೊಳವೆಯಲ್ಲಿ ಒತ್ತಡ ಹೆಚ್ಚು, ಒತ್ತಡದಲ್ಲಿರುವ ದ್ರವ ಹರಿದರೆ ಶಕ್ತಿ ಸಾಗುತ್ತದೆ. ಮೊತ್ತ ಚೂರೂ ವ್ಯತ್ಯಾಸವಿಲ್ಲದೆ ಅದೇ. ಲಾವೆಯವರ ಲಿವರಿನ ತೋಳು ಇಲ್ಲಿ ದ್ರವವಾಗಿದೆ. ಮಾಮೂಲಿ ತಾಮ್ರದ ಸುರುಳಿಯಾದರೆ ಮಾತ್ರ ಕಥೆ ಬೇರೆ: ಅದರ ಮೇಲ್ಮೈ ಆವೇಶಗಳು ಹೊಂದಿಕೊಂಡು ಹೊರಗಿನ ಕ್ಷೇತ್ರವನ್ನು ಒಳಗೆ ಬಿಡುವುದೇ ಇಲ್ಲ, ಅಲ್ಲಿ ಅಡಗಿದ ಸಂವೇಗವೂ ಇಲ್ಲ. ಅಂದರೆ ನನ್ನ ಮೇಲಿನ ಲೆಕ್ಕದ ಸುರುಳಿ ತಾಮ್ರದ್ದಾಗಿರಬಾರದು. ಕ್ವಾಂಟಂ ವಿಜ್ಞಾನದಲ್ಲೂ ಈ ಜಗಳ ಒಮ್ಮೆ ಹೊಗೆಯಾಡಿತು. ವಿದ್ಯುತ್ ಕ್ಷೇತ್ರದ ನಡುವೆ ಹಾಯುವ ನ್ಯೂಟ್ರಾನಿನ ಅಲೆ ಬಲದ ಹಂಗಿಲ್ಲದೆ ಸರಿಯುತ್ತದೆ ಎಂದು 1984ರಲ್ಲಿ ಅಹರೊನೊವ್ ಮತ್ತು ಕ್ಯಾಶರ್ ಹೇಳಿದರು. ಬಲ ಇದೆಯಲ್ಲ ಎಂದು ನ್ಯೂಯಾರ್ಕಿನ ತಿಮೊತಿ ಬೋಯರ್ ತಕರಾರು ತೆಗೆದರು. ಆ ಬಲ ಅಡಗಿದ ಸಂವೇಗಕ್ಕೆ ಖರ್ಚಾಗುತ್ತದೆ, ನ್ಯೂಟ್ರಾನನ್ನು ಓಡಿಸುವುದಿಲ್ಲ ಎಂದು 1988ರಲ್ಲಿ ಅಹರೊನೊವ್, ಪರ್ಲ್ ಮತ್ತು ವೈಡ್‌ಮನ್ ಉತ್ತರಿಸಿದರು.

ಇಷ್ಟೆಲ್ಲ ಆದಮೇಲೂ 2012ರ ಮೇ ತಿಂಗಳಲ್ಲಿ ಅದೇ ಫಿಸಿಕಲ್ ರಿವ್ಯೂ ಲೆಟರ್ಸ್‌ನಲ್ಲಿ ಒಂದು ಲೇಖನ ಬಂತು. ಬರೆದವರು ಅರಿಜೋನಾ ವಿಶ್ವವಿದ್ಯಾಲಯದ ಮಸೂದ್ ಮನ್ಸೂರಿಪುರ್, ದೃಗ್ವಿಜ್ಞಾನದಲ್ಲಿ ಹೆಸರು ಮಾಡಿದವರು. ಲೊರೆಂಟ್ಸ್ ಬಲದ ನಿಯಮವೇ ಸಾಪೇಕ್ಷತೆಗೆ ಹೊಂದುವುದಿಲ್ಲ ಎಂಬುದು ಅವರ ಘೋಷಣೆ. ನೂರು ವರ್ಷದಿಂದ ಎಲ್ಲ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕಲಿಸುವ ನಿಯಮ! ಸೈನ್ಸ್ ಪತ್ರಿಕೆಯೂ ಸುದ್ದಿ ಮಾಡಿತು. ಅವರು ಮುಂದಿಟ್ಟ ಪುರಾವೆ ಥಾಮ್ಸನ್ನರ ಜೋಡಿಯೇ: ಒಂದು ಅಯಸ್ಕಾಂತ, ಪಕ್ಕದಲ್ಲಿ ಒಂದು ಆವೇಶ. ಜೊತೆಯಲ್ಲಿ ನಿಂತು ನೋಡಿದರೆ ಅಯಸ್ಕಾಂತದ ಮೇಲೆ ತಿರುಚುಬಲವಿಲ್ಲ. ಓಡುತ್ತಾ ನೋಡಿದರೆ, ಚಲಿಸುವ ಅಯಸ್ಕಾಂತ ವಿದ್ಯುತ್ತಿನ ಎರಡು ಧ್ರುವಗಳನ್ನೂ ತೋರಿಸುತ್ತದೆ, ಪಕ್ಕದ ಆವೇಶ ಅವನ್ನು ತಿರುಚುತ್ತದೆ. ಬಲವಿದೆ, ತಿರುಗಾಟವಿಲ್ಲ. ಆದ್ದರಿಂದ ನಿಯಮ ತಪ್ಪು.

ಓದುಗರು ಉತ್ತರವನ್ನು ಆಗಲೇ ಊಹಿಸಿರಬೇಕು. ಅಯಸ್ಕಾಂತದೊಳಗೆ ಅಡಗಿದ ಸಂವೇಗವಿದೆ. ಅಯಸ್ಕಾಂತ ಸಾಗಿದಂತೆ ಅದರ ಕೋನೀಯ ಪ್ರಮಾಣ ಬೆಳೆಯುತ್ತದೆ. ತಿರುಚುಬಲ ಖರ್ಚಾಗುವುದು ಅಲ್ಲಿಗೆ. 1911ರ ಲಿವರ್ ಮತ್ತೆ ಬಂದಿತ್ತು, ಈ ಸಲ ಅಯಸ್ಕಾಂತದ ವೇಷದಲ್ಲಿ. 2013ರಲ್ಲಿ ಅದೇ ಪತ್ರಿಕೆ ನಾಲ್ಕು ಪ್ರತ್ಯುತ್ತರಗಳನ್ನು ಒಟ್ಟಿಗೆ ಛಾಪಿಸಿತು, ಎರಡು ಬ್ರೆಜಿಲಿನಿಂದ, ಒಂದು ಸ್ಕಾಟ್ಲೆಂಡಿನಿಂದ, ಒಂದು ಇರಾನಿನಿಂದ. ರೀಡ್ ಕಾಲೇಜಿನ ಡೇವಿಡ್ ಗ್ರಿಫಿತ್ಸ್ ಅವರ ವಿದ್ಯುತ್ಕಾಂತಶಾಸ್ತ್ರದ ಪುಸ್ತಕವನ್ನು ನಮ್ಮ ಎಂ.ಎಸ್ಸಿ. ವಿದ್ಯಾರ್ಥಿಗಳೂ ಬಲ್ಲರು, ಅವರು ಮತ್ತು ವ್ಲಾದಿಮಿರ್ ಹ್ನಿಜ್ದೊ ಸೇರಿ ವಿವರವಾದ ಉತ್ತರ ಬರೆದರು. ಮನ್ಸೂರಿಪುರ್ ಒಪ್ಪಲಿಲ್ಲ. ಐನ್‌ಸ್ಟೈನ್ ಮತ್ತು ಯಾಕೋಬ್ ಲಾವ್ಬ್ 1908ರಲ್ಲಿ ಕೊಟ್ಟ ಬಲದ ಸೂತ್ರ ಹಿಡಿದರೆ ಅಡಗಿದ ಸಂವೇಗವೆಂಬ ಕಣ್ಣಿಗೆ ಕಾಣದ ವಸ್ತುವೇ ಬೇಡ ಎಂದು ಅವರು ವಾದಿಸಿದರು. ಅವರ ಅಸಹನೆ ನನಗೆ ಅರ್ಥವಾಗುತ್ತದೆ. ‘ಅಡಗಿದ’ ಎಂಬ ಹೆಸರಿಟ್ಟು ಶಾಕ್ಲಿ ಉಪಕಾರಕ್ಕಿಂತ ಅಪಕಾರ ಮಾಡಿದರೇನೋ. ಅಲ್ಲಿ ಅಡಗಿದ್ದೇನೂ ಇಲ್ಲ, ಸಾಗುವ ಶಕ್ತಿಯ ಭಾರವನ್ನು ಎಣಿಸಲು ಮರೆತಿದ್ದೇವೆ, ಅಷ್ಟೆ.

ಗ್ರಿಫಿತ್ಸ್ ಮತ್ತು ಹ್ನಿಜ್ದೊ ಇನ್ನೊಂದು ಸಾಧ್ಯತೆಯನ್ನೂ ಲೆಕ್ಕ ಹಾಕಿ ತೋರಿಸಿದ್ದರು. ಅಯಸ್ಕಾಂತ ಎಂದರೆ ಸುತ್ತುವ ಪ್ರವಾಹವಲ್ಲ, ಉತ್ತರ ಮತ್ತು ದಕ್ಷಿಣವೆಂಬ ಎರಡು ನಿಜವಾದ ಕಾಂತಧ್ರುವಗಳ ಜೋಡಿ ಎಂದುಕೊಂಡರೆ ಒಳಗೆ ಶಕ್ತಿಯನ್ನು ಹೊತ್ತು ಸುತ್ತುವವರು ಯಾರೂ ಇಲ್ಲ, ಅಡಗಿದ ಸಂವೇಗವೂ ಇಲ್ಲ. ಪ್ರಕೃತಿಯಲ್ಲಿರುವ ಅಯಸ್ಕಾಂತಗಳು ಈ ಎರಡರಲ್ಲಿ ಯಾವ ಬಗೆಯವು? ಇದಕ್ಕೆ ಜಲಜನಕದ ಪರಮಾಣು ಉತ್ತರ ಹೇಳುತ್ತದೆ. ಅದರ ಎಲೆಕ್ಟ್ರಾನ್ ಪ್ರೋಟಾನಿನ ಒಳಗೇ ಹೊಕ್ಕು ಬರಬಲ್ಲದು. ಅಲ್ಲಿ ಒಳಗಿನ ಕಾಂತಕ್ಷೇತ್ರದ ದಿಕ್ಕು ಪ್ರವಾಹದ ಅಯಸ್ಕಾಂತದಲ್ಲಿ ಒಂದು ಕಡೆಗಾದರೆ ಧ್ರುವಗಳ ಅಯಸ್ಕಾಂತದಲ್ಲಿ ಅದಕ್ಕೆ ವಿರುದ್ಧ. ರೇಡಿಯೋ ದೂರದರ್ಶಕಗಳು ಆಕಾಶಗಂಗೆಯ ಜಲಜನಕದಿಂದ ಹಿಡಿಯುವ ಅಲೆಯ ಉದ್ದ 21 ಸೆಂಟಿಮೀಟರ್. ಪ್ರೋಟಾನ್ ಧ್ರುವಗಳ ಬಗೆಯದಾಗಿದ್ದರೆ ಈ ಅಂಕಿ ಬೇರೆಯೇ ಆಗಿರುತ್ತಿತ್ತು. ಬಂದಿರುವ ಅಂಕಿ ಸುತ್ತುವ ಪ್ರವಾಹದ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ.